ಬಲಗಡೆಯ ಸಾಲುಗಳು

ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳಿನಲ್ಲಿ ಬರೆದ ಮೀನು, ಮೀನಲ್ಲ, ಎಲೆ ಇರಬೇಕು, ನಿನ್ನೆಯದೋ ಮೊನ್ನೆಯದೋ, ಅಳಿಸಿಹೋಯಿತು ಅಂದುಕೊಂಡೇ ಇಳಿದು ಹೋಗಿರುತ್ತಾರೆ ಪಾಪ, ಈಗ ನನ್ನ ಉಸಿರು ತಾಗಿದ್ದೇ ತಡ ಗೆರೆ ಗೆರೆಯಾಗಿ ಎದ್ದು ಕೂತಿದೆ, ತೋಳಿನಿಂದ ಒರೆಸುತ್ತೇನೆ, ಒದ್ದೆ ಉಣ್ಣೆಯ ವಾಸನೆ, ಗಾಜಿನಾಚೆ ಮಂಜು, ಮಂಜಿನೊಳಗೆ ಮರೆಷಾಲ್ ಫ್ಲೊರಿಯಾನೊ ರಸ್ತೆಯ ಟೈರಿನ ಅಂಗಡಿಗಳು ಒಂದೊಂದಾಗಿ ಬಂದು ಹೋಗುತ್ತಿವೆ, ಜೂನಿನ ಚಳಿಗಾಲದಲ್ಲಿ ನಮ್ಮ ಕುರಿಚೀಬಾ ಊರಿಗೆ ಬೇರೆ ಮುಖವೇ ಇಲ್ಲ — ಮತ್ತೆ ಉಸಿರು, ಮತ್ತೆ ಅದೇ ಎಲೆ. ಒರೆಸಿದ್ದು ಹೋಗಿರುವುದಿಲ್ಲ, ಇದನ್ನು ಊರಿಗೆಲ್ಲ ಹೇಳಿಕೊಂಡು ಹೊಟ್ಟೆ ಹೊರೆಯುವವಳು ನಾನು, ಜುರೇಮಾ, ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ತಂತ್ರಾಂಶವನ್ನು ರಿಪೇರಿ ಮಾಡುವವಳು, ಸರಿಯಿದ್ದರೆ ಯಾರೂ ಹೆಸರೆತ್ತದ, ಕೆಟ್ಟರೆ ಪ್ರಪಂಚವೇ ಬೈಯುವ ಕೆಲಸ, ಅಂಥವಳು ನಿನ್ನೆ ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಬಂದು ಕೂತು, ನನ್ನ ಕೈಯಾರೆ — ಇಳಿಯುವವರು ಎರಡನೇ ಮತ್ತು ನಾಲ್ಕನೇ ಬಾಗಿಲಿನಿಂದ ಇಳಿಯಿರಿ, ಬಸ್ಸಿನ ಹೆಂಗಸು ಹೇಳುತ್ತಾಳೆ, ಧ್ವನಿಮುದ್ರಿಸಿಟ್ಟ ಹೆಂಗಸು, ವರ್ಷಗಳಿಂದ ಒಂದೇ ರಾಗ, ಅವಳಿಗೆ ಚಳಿಯಿಲ್ಲ, ತಪ್ಪಿಲ್ಲ, ನಾಚಿಕೆಯಿಲ್ಲ. ಯಾರೂ ಇಳಿಯಲಿಲ್ಲ, ಹತ್ತುವವರು ಮಾತ್ರ ಹತ್ತಿದರು, ಪಕ್ಕದವನ ಚೀಲ ನನ್ನ ಮೊಣಕೈಯನ್ನು ಒತ್ತುತ್ತಿದೆ, ಒತ್ತಲಿ. ತೊಡೆಯ ಮೇಲೆ ಲ್ಯಾಪ್‌ಟಾಪು ಬಿಸಿಯಾಗಿದೆ, ಈ ಚಳಿಯಲ್ಲಿ ಅದೊಂದೇ ಸುಖ, ಆದರೆ ಮುಚ್ಚಳ ತೆಗೆಯಲು ಧೈರ್ಯವಿಲ್ಲ. ಇವತ್ತು ಬುಧವಾರ, ನಾನೂ ಜೊತೆಗೆ ಕೆಲಸ ಮಾಡುವ ಆನ್ಸೆಲ್ಮೊನೂ ಆಫೀಸಿಗೆ ಹೋಗುವ ದಿನ, ಉಳಿದ ದಿನಗಳಲ್ಲಿ ಅವನು ಅವನ ಮನೆಯಿಂದ ನಾನು ನನ್ನ ಮನೆಯಿಂದ, ಬುಧವಾರ ಮಾತ್ರ ಎದುರುಬದುರು ಮೇಜು. ಇವತ್ತೇ ಬುಧವಾರ ಆಗಬೇಕಿತ್ತು.

ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಹಿಸಾಕೊಳ ಮೇಲ್ ಬಂತು, ಪಟ್ಟಿಗೆ ಅಲ್ಲ, ನನಗೊಬ್ಬಳಿಗೇ. ಪಟ್ಟಿ ಅಂದರೆ ನಮ್ಮ ಕಸುಬಿನವರ ಚಾವಡಿ, ಪ್ರಪಂಚದ ಮೂಲೆಮೂಲೆಯ ಸಾವಿರಾರು ಜನ, ಅಲ್ಲಿಗೆ ಒಂದು ಮೇಲ್ ಹಾಕಿದರೆ ಎಲ್ಲರಿಗೂ ಹೋಗುತ್ತದೆ, ಎಲ್ಲರ ಹತ್ತಿರವೂ ಉಳಿಯುತ್ತದೆ, ವಾಪಸು ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ, ನಾನು ಚಿಕ್ಕವಳಾಗಿದ್ದಾಗ ಬರೆದ ದಡ್ಡ ಪ್ರಶ್ನೆಗಳು ಇವತ್ತಿಗೂ ಅಲ್ಲೇ ಇವೆ. ಹಿಸಾಕೊ ಯೊಕೊಹಾಮಾದವಳು, ಮುಖ ನೋಡಿದವಳಲ್ಲ, ಅವಳು ಬರೆದದ್ದನ್ನು ನಾನು, ನಾನು ಬರೆದದ್ದನ್ನು ಅವಳು ಓದುತ್ತ ಓದುತ್ತ ಅರ್ಧ ಆಯಸ್ಸು ಕಳೆದಿದೆ, ಒಂದು ದಿನ ಹೇಗಿದ್ದೀರಿ ಅಂದವಳಲ್ಲ, ಪಟ್ಟಿಯಲ್ಲಿ ಕೋಡ್ ಬಿಟ್ಟು ಬೇರೆ ಮಾತಾಡುವುದು ಅಸಭ್ಯ. ಅಂಥವಳು ಬರೆದಿದ್ದಾಳೆ, ಜುರೇಮಾ ಅವರೇ, ನಿಮ್ಮ ಪ್ಯಾಚ್ ಓದುತ್ತಿದ್ದೇನೆ, ಅದರ ಜೊತೆ ಪುರಾವೆಗೆ ಅಂತ ಹಾಕಿದ ಡಿಸ್ಕಿನ ಪ್ರತಿಯಲ್ಲಿ ಬಲಗಡೆ ನಿಮ್ಮ ಹೆಸರು ಕಾಣುತ್ತಿದೆ, ನನಗೆ ಆ ಭಾಷೆ ಬರುವುದಿಲ್ಲ, ಯಾರದೋ ಸ್ವಂತ ಮಾತು ಇದ್ದ ಹಾಗಿದೆ, ಒಮ್ಮೆ ನೋಡಿಕೊಂಡರೆ ಒಳ್ಳೆಯದೇನೋ, ಕ್ಷಮಿಸಿ. ಕ್ಷಮಿಸಿ ಅಂತೆ, ಅವಳು. ನೋಡಿದೆ. ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೆ ತೆಗೆದು ತೋರಿಸಿದಾಗ ಎಡಗಡೆ ಅಂಕಿ, ಬಲಗಡೆ ಅದೇ ಅಂಕಿಗಳ ಅಕ್ಷರ ರೂಪ, ಒಂದು ಸಾಲಿಗೆ ಹದಿನಾರು, ನನ್ನ ಕಣ್ಣು ಎಡಗಡೆಗೇ ಪಳಗಿದ್ದು, ಸೊನ್ನೆಯೋ ಸೊನ್ನೆಯಲ್ಲವೋ ಅಷ್ಟೇ, ಸೊನ್ನೆಯಲ್ಲದ್ದು ಕಂಡರೆ ಸಿಕ್ಕಿಬಿತ್ತು ಕಳ್ಳ ಅಂತ ಖುಷಿ, ಬಲಗಡೆಗೆ ತಿರುಗಿ ಓದುವ ಅಭ್ಯಾಸ ಯಾವಾಗ ಹೋಯಿತೋ. ನಿನ್ನೆಯೂ ಹಾಗೇ, ಸಿಕ್ಕಿತು ಸಿಕ್ಕಿತು ಅಂತ ಒಬ್ಬಳೇ ಕುರ್ಚಿಯಲ್ಲಿ ಗಿರಗಿರ ಸುತ್ತಿ, ಹಾಗೇ ಎತ್ತಿ ಪ್ಯಾಚಿಗೆ, ಅಂದರೆ ಕೋಡಿಗೆ ಹಾಕುವ ತೇಪೆಗೆ, ಅಂಟಿಸಿ ಪಟ್ಟಿಗೆ ಕಳಿಸಿದೆ. ಬೆಳಿಗ್ಗೆ ಬಲಗಡೆ ಓದಿದೆ. ಕೈ ಅಂತ ಇತ್ತು ಮೊದಲು, ನಮ್ಮ ಭಾಷೆಯಲ್ಲಿ ಮೂರೇ ಅಕ್ಷರ, ನಡುವಿನ ಅಕ್ಷರದ ನೆತ್ತಿಯ ಮೇಲೆ ಒಂದು ಅಲೆ, ಆ ಅಲೆಯನ್ನು ಈ ಯಂತ್ರ ಓದಲಾರದೆ ಅಲ್ಲಿ ಎರಡು ಚುಕ್ಕೆ ಹಾಕಿ ಮುಂದೆ ಹೋಗುತ್ತದೆ, ಹಾಗಾಗಿ ಕೈಯ ನಡುವೆ ಎರಡು ಚುಕ್ಕೆ. ಕೈ ನಡುಗುತ್ತೆ ಮಾರ್ಚಿಂದ. ಡಾಕ್ಟರು ಇದು ವಾಸಿಯಾಗೋದಲ್ಲ, ನಿಧಾನ ಮಾಡಬಹುದು ಅಷ್ಟೇ ಅಂದ್ರು. ಜುರೇಮಾಗೆ ಹೇಳಿಲ್ಲ ನೇವಾ. ಗೊತ್ತಾದ್ರೆ ನನ್ನ ಕೆಲಸಾನೂ ಕದ್ದು ಅವಳೇ ಮಾಡಿ ಮುಗಿಸ್ತಾಳೆ, ನಾನು ಸುಮ್ನೆ ಕುರ್ಚಿ ಬಿಸಿ ಮಾಡ್ಕೊಂಡು ಕೂ — ಅಲ್ಲಿಗೆ ಬ್ಲಾಕು, ಡಿಸ್ಕಿನ ಆ ತುಂಡು, ಮುಗಿದಿತ್ತು. ನೇವಾ ಆನ್ಸೆಲ್ಮೊನ ತಂಗಿ, ಲೊಂಡ್ರೀನಾದಲ್ಲಿದ್ದಾಳೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು.

ಅವನದೇ ಡಿಸ್ಕು. ಹೊಸ ಲ್ಯಾಪ್‌ಟಾಪು ತಗೊಂಡ ಮೇಲೆ ಹಳೆಯದನ್ನು ನನ್ನ ಮೇಜಿನ ಮೇಲೆ ತಂದು ಕುಕ್ಕಿದ, ತಗೋ ಹುಡುಗಿ, ಒಡೆದು ಹಾಕು ಸುಟ್ಟು ಹಾಕು, ನಿನ್ನ ಪರೀಕ್ಷೆಗೆ ಬೇಕಲ್ಲ ಹಳೇ ಕೊಳಕು ಡಿಸ್ಕು, ಎಲ್ಲಾ ಅಳಿಸಿದೀನಿ. ಅಳಿಸಿದೀನಿ ಅಂದರೆ ಏನು ಅಂತ ಇಡೀ ಬ್ರೆಜಿಲಿನಲ್ಲಿ ಗೊತ್ತಿರುವ ಹತ್ತು ಜನರಲ್ಲಿ ಒಬ್ಬ ಅವನು, ಬೇರೆಯವರಿಗೆ ಕೊಡುವುದಾದರೆ ಡಿಸ್ಕಿನ ತಲೆಯಿಂದ ಬಾಲದವರೆಗೆ ಸೊನ್ನೆ ಬರೆದೇ ಕೊಡುತ್ತಿದ್ದ, ನನಗೆ ಅಲ್ಲವೇ ಕೊಟ್ಟಿದ್ದು, ನನಗೆ ಅಂತ ಮೇಲುಮೇಲೆ ಅಳಿಸಿ ಕೊಟ್ಟ. ಹರಟೆಯ ತಂತ್ರಾಂಶ ತನ್ನ ಮಾತುಗಳನ್ನೆಲ್ಲ ಅಡಗುಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ, ಅದು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಅದು ಉಳಿದಿತ್ತು. ನಾನಾದರೂ ಏನು ಮಾಡಬೇಕಿತ್ತು, ಎಲ್ಲರ ಹಾಗೆ ಹೊಸ ಡಿಸ್ಕಿಗೆ ಒಂದೇ ಅಕ್ಷರ ತುಂಬಿ, ಕತ್ತರಿಸಿ, ಉದ್ದ ಮಾಡಿ, ಅದೇ ಅಕ್ಷರ ಮತ್ತೆ ಕಂಡಿತೋ ಇಲ್ಲವೋ ನೋಡಬೇಕಿತ್ತು, ಹೋದ ಸಲ ಹಾಗೇ ಮಾಡಿದ್ದೆ, ಪ್ರಾಗ್‌ನ ರಾದಿಮ್, ಅವನ ನಾಲಗೆಯೇ ಮುಳ್ಳು, ಪಟ್ಟಿಯಲ್ಲೇ ಬರೆದ, ತೊಳೆದಿಟ್ಟ ಪಾತ್ರೆಯಲ್ಲಿ ಕೊಳೆ ಹುಡುಕಿದರೆ ಏನು ಸಿಗುತ್ತದೆ, ವರ್ಷಗಟ್ಟಲೆ ಬಳಸಿದ ಡಿಸ್ಕಿನಲ್ಲಿ ತೋರಿಸಿ. ತೋರಿಸುತ್ತೇನೆ ನೋಡು ಅಂತ ರೋಷ ಬಂತು. ಒಂದು ಸಣ್ಣ ಸ್ಕ್ರಿಪ್ಟು ಬರೆದೆ, ಡಿಸ್ಕಿನ ಮೇಲೆ ಯಾವ ಫೈಲು ಕೈಗೆ ಸಿಗುತ್ತದೋ ಅದನ್ನು ಹಿಡಿ, ನಡುವೆ ಕತ್ತರಿಸು, ಮತ್ತೆ ಎಳೆದು ಉದ್ದ ಮಾಡು, ಹೊಸದಾಗಿ ಸೇರಿದ ಜಾಗದಲ್ಲಿ ಸೊನ್ನೆ ಇರಬೇಕು, ಸೊನ್ನೆಯಲ್ಲದ್ದು ಏನಾದರೂ ಕಂಡರೆ ನನಗೆ ತೋರಿಸು. ಕತ್ತರಿಸಿದ ಫೈಲು ಬ್ಲಾಕಿನ ನಡುವೆ ಎಲ್ಲೋ ಮುಗಿಯುತ್ತದೆ, ಮಿಕ್ಕ ಬಾಲದಲ್ಲಿ ಹಳೆಯದೆಲ್ಲ ಹಾಗೇ ಕೂತಿರುತ್ತದೆ, ಆ ಬಾಲವನ್ನು ತೊಳೆಯದೆ ಬಿಡುತ್ತಿತ್ತು ನಮ್ಮ ತಂತ್ರಾಂಶ, ಯಾರೋ ಬಂದು ಫೈಲನ್ನು ಮತ್ತೆ ಉದ್ದ ಮಾಡಿದರೆ ಹಳೆಯ ಮಾತು ಹೊಸ ಫೈಲಿನ ಬಾಯಿಂದ ಬರುತ್ತದೆ. ಅದನ್ನು ತೊಳೆಯುವುದೇ ನನ್ನ ಪ್ಯಾಚು. ಪ್ರಪಂಚದ ಯಾರ ಗುಟ್ಟೂ ಹೀಗೆ ಹೊರಗೆ ಬೀಳದಿರಲಿ ಅಂತ ಪ್ಯಾಚು ಬರೆದು, ಅದಕ್ಕೆ ಪುರಾವೆಯಾಗಿ ಆನ್ಸೆಲ್ಮೊನ ಗುಟ್ಟನ್ನು ಪ್ರಪಂಚಕ್ಕೆಲ್ಲ ಹಂಚಿದೆ, ಭೇಷ್ ಜುರೇಮಾ, ಇಂಥ ಕೆಲಸ ನಿನ್ನ ಬಿಟ್ಟು ಇನ್ಯಾರಿಗೆ ಬಂದೀತು. ರಾದಿಮ್ ರಾತ್ರಿಯೇ ಉತ್ತರ ಬರೆದಿದ್ದಾನೆ, ಈಗ ಒಪ್ಪಿದೆ, ನನ್ನಲ್ಲೂ ಹೀಗೇ ಆಗುತ್ತಿದೆ ಅಂತ, ಅದರ ಕೆಳಗೆ ನನ್ನ ಇಡೀ ಮೇಲನ್ನು ಕತ್ತರಿಸದೆ ಮತ್ತೆ ಹಾಕಿದ್ದಾನೆ, ಎರಡು ಚುಕ್ಕೆಯ ಕೈ ಈಗ ಎರಡು ಕಡೆ ಇದೆ.

ಯಾಕೆ ಕಾಣಲಿಲ್ಲ ನನಗೆ, ಬಲಗಡೆಯದ್ದು ಬಿಡು, ಮುಖದ ಮುಂದೆಯೇ ಇದ್ದದ್ದು. ಶಿಮಾಹಾವ್ ಬುರುಡೆ, ಕಹಿ ಎಲೆಯ ಬಿಸಿ ಕಷಾಯ ತುಂಬಿದ ಸೋರೆಬುರುಡೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ಆಫೀಸಿನಲ್ಲಿ, ಒಬ್ಬರು ಬಿಸಿನೀರು ಹೊಯ್ದು ಕೊಡುವುದು, ಹೀರಿ ಮುಗಿಸಿ ವಾಪಸು, ಸಾಕಾದವರು ಥ್ಯಾಂಕ್ಸ್ ಅನ್ನಬೇಕು, ಅಂದರೆ ಇನ್ನು ಬೇಡ ಅಂತ ಅರ್ಥ, ಆನ್ಸೆಲ್ಮೊ ಥ್ಯಾಂಕ್ಸ್ ಅಂದದ್ದನ್ನು ನಾನು ಕೇಳಿದವಳೇ ಅಲ್ಲ, ಫ್ಲಾಸ್ಕು ಖಾಲಿಯಾಗುವ ತನಕ ಹೀರುವವನು, ಈ ಚಳಿಗಾಲ ಮೊದಲನೇ ಸುತ್ತಿಗೇ ಥ್ಯಾಂಕ್ಸ್ ಅಂದ. ಏನೋ ಮುದುಕ, ಹೊಟ್ಟೆ ಕೆಟ್ಟಿದ್ಯಾ? ವಯಸ್ಸಾಯ್ತು ಕಣೇ, ನಿದ್ದೆ ಬರಲ್ಲ ಇದನ್ನ ಕುಡಿದ್ರೆ. ನಕ್ಕೆ. ಪ್ರತಿ ಜೂನ್‌ನಲ್ಲಿ ಬೇಯಿಸಿದ ಪಿನ್ಯಾವ್ ಬೀಜ ಒಂದು ಚೀಲ ತರುವವನು, ಬಿಸಿ ಇರುವಾಗಲೇ ತುದಿ ಕಚ್ಚಿ, ಹೆಬ್ಬೆರಳಿನಲ್ಲಿ ಒತ್ತಿ, ಸಿಪ್ಪೆಯಿಂದ ಪುಳಕ್ಕನೆ ಹೊರಗೆ ಹಾರಿಸುವುದು ಅವನ ಕಲೆ, ಇಡೀ ಆಫೀಸಿಗೆ ಸುಲಿದು ಕೊಡುತ್ತಿದ್ದ, ಈ ವರ್ಷ ಪಿನ್ಯಾವ್ ಚೆನ್ನಾಗಿಲ್ಲ ಅಂದ, ಮಳೆ ಜಾಸ್ತಿಯಾಯ್ತಂತೆ, ನಂಬಿದೆ, ಅದೇ ವಾರ ನಾನೇ ಕೊಂಡು ತಿಂದಿದ್ದೆ, ಚೆನ್ನಾಗೇ ಇತ್ತು, ಆದರೂ ನಂಬಿದೆ. ಮತ್ತೆ ಆ ಮಣಿಕಟ್ಟು — ಮೇ ತಿಂಗಳಲ್ಲಿ ಒಂದು ಬುಧವಾರ, ನಾನು ನೀರು ತರಲು ಎದ್ದವಳು ಅವನ ಬೆನ್ನ ಹಿಂದಿನಿಂದ ಹೋದೆ, ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ಕೀಲಿಗಳ ಮೇಲೆ, ನನ್ನ ಹೆಜ್ಜೆ ಕೇಳಿದ್ದೇ ಬಿಟ್ಟುಬಿಟ್ಟ, ವಾಚ್ ಕಟ್ಕೊಳ್ಳೋದೇ ಮರೆತೆ ನೋಡು ಅಂದ, ಅವನು ವಾಚು ಕಟ್ಟುವವನೇ ಅಲ್ಲ. ಚಳಿ ಅಂದುಕೊಂಡೆ. ಈ ಊರಿನಲ್ಲಿ ಎಲ್ಲದಕ್ಕೂ ಚಳಿ ಅನ್ನಬಹುದು.

ಅದೆಲ್ಲ ಹಾಳಾಗಲಿ, ಅಕ್ಷರಗಳು. ಅವನ ಮೇಲ್‌ಗಳಲ್ಲಿ ಅಕ್ಷರ ಜೋಡಿಯಾಗತೊಡಗಿತು, ಒಂದು ಎಲ್ ಇದ್ದ ಕಡೆ ಎರಡು, ಒಂದು ಎಸ್ ಇದ್ದ ಕಡೆ ಮೂರು, ಇಪ್ಪತ್ತು ವರ್ಷ ಅಲ್ಪವಿರಾಮ ತಪ್ಪಿದರೂ ನನ್ನ ಪ್ಯಾಚನ್ನು ವಾಪಸು ಕಳಿಸಿದವನ ಮೇಲ್‌ನಲ್ಲಿ. ಕಂಡದ್ದೇ ನನಗೆ ಹಬ್ಬ. ಪಟ್ಟಿಯಲ್ಲೇ ಬರೆದೆ, ಎಲ್ಲರಿಗೂ ಕಾಣುವ ಹಾಗೆ, ನಮ್ಮ ಆನ್ಸೆಲ್ಮೊನ ಕೀಬೋರ್ಡು ರಾತ್ರಿ ಕುಡಿದು ಬಂದಿದೆ ಅನ್ನಿಸುತ್ತದೆ, ಕಾಫಿ ಕೊಡಿ ಯಾರಾದರೂ. ರಾದಿಮ್ ಕೂಡ ನಕ್ಕ, ನಗುವವನಲ್ಲ ಅವನು. ಆನ್ಸೆಲ್ಮೊ ಒಂದು ನಗುಮುಖ ಹಾಕಿದ, ಅಷ್ಟೇ. ಒಂದು ಸಲವಾದರೆ ಸರಿ, ಮೂರು ನಾಲ್ಕು ಸಲ ಆಡಿದೆ ಅದೇ ಜೋಕು, ನನ್ನ ಬಾಯಿಗೆ ಬೀಗ ಹಾಕುವವರಿಲ್ಲ ಅಂತ ಅಮ್ಮ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಪ್ರತಿ ಸಲ ಅವನು ಆ ನಗುಮುಖದ ಎರಡು ಚಿಹ್ನೆಗಳನ್ನು ಒತ್ತಲು ಎಷ್ಟು ಹೊತ್ತು ತೆಗೆದುಕೊಂಡನೋ. ನಾನು ಬಸ್ಸು ಹತ್ತಿದ ಬೊಕೆಯ್ರಾವ್‌ನಿಂದ ಇಷ್ಟು ದೂರ ಬಂದಿದ್ದೇವೆ, ಇನ್ನೂ ಮಂಜು ಎದ್ದಿಲ್ಲ, ಮುಂದಿನ ಸೀಟಿನ ಅಜ್ಜಿ ಯಾರಿಗೋ ಫೋನಿನಲ್ಲಿ ಕುಕ್ಕರ್ ಇಡಬೇಡ ಅರ್ಧ ಗಂಟೆಗಿಂತ ಜಾಸ್ತಿ ಅನ್ನುತ್ತಿದ್ದಾಳೆ. ಅವನಿಗೆ ಎರಡು ಸಲ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ಏನು ಹೇಳುತ್ತಿದ್ದೆ ಎತ್ತಿದ್ದರೆ. ಓದಬೇಡ ಅನ್ನುತ್ತಿದ್ದೆನೇ, ಪಟ್ಟಿಯ ಒಂದು ಮೇಲನ್ನೂ ಬಿಡದೆ ಓದುವವನಿಗೆ.

ಇಷ್ಟೇ ಆಗಿದ್ದರೆ ಓಡಿಹೋಗಿ ಕಾಲು ಹಿಡಿಯುತ್ತಿದ್ದೆ. ಹೋದ ವಾರ ವಾಲ್ದೆಸಿರ್ ನನ್ನನ್ನು ಗಾಜಿನ ಕೋಣೆಗೆ ಕರೆದ, ನಮ್ಮ ಮೇಲಿನವನು, ಒಂದು ಕಾಲದಲ್ಲಿ ಅವನೂ ಕೋಡ್ ಬರೆಯುತ್ತಿದ್ದ, ಈಗ ಕುರ್ಚಿಗಳನ್ನು ಎಣಿಸುತ್ತಾನೆ. ನೋಡು ಜುರೇಮಾ, ಜುಲೈ ಕೊನೆಗೆ ನಿಮ್ಮಿಬ್ಬರಲ್ಲಿ ಒಬ್ಬರನ್ನ ಮಾತ್ರ ಇಟ್ಕೊಳ್ಳೋಕಾಗೋದು, ಮೇಲಿಂದ ಬಂದಿದೆ, ನನ್ನ ಕೈಲಿಲ್ಲ. ಆನ್ಸೆಲ್ಮೊಗೂ ಹೇಳಿದೀನಿ, ನೀವಿಬ್ಬರೂ ಇದನ್ನ ಮಾತಾಡ್ಕೋಬೇಡಿ, ಸುಮ್ನೆ ಮನಸ್ಸು ಕೆಡುತ್ತೆ. ಮಾತಾಡಿಕೊಳ್ಳಲಿಲ್ಲ. ಅದೊಂದು ಬುಧವಾರ ಇಬ್ಬರೂ ಎದುರುಬದುರು ಕೂತು ಬರೀ ಬ್ಲಾಕು, ಬಾಲ, ಸೊನ್ನೆ ಅಂತ ಮಾತಾಡಿದೆವು, ಅವನಿಗೆ ಗೊತ್ತು ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವನಿಗೂ. ನನಗೆ ಕೆಲಸ ಬೇಕು, ಬೇಡ ಅಂತ ಹೇಳಿದರೆ ಸುಳ್ಳು, ಮನೆ ಬಾಡಿಗೆ, ಅಮ್ಮನ ಔಷಧಿ, ನಲವತ್ತು ದಾಟಿದವಳನ್ನು ಯಾರು ಕರೆದು ಕೂರಿಸುತ್ತಾರೆ. ಈಗ ಯಾರು ನೋಡಿದರೂ ಏನಂದುಕೊಳ್ಳುತ್ತಾರೆ, ಒಂದು ಕುರ್ಚಿಗೆ ಇಬ್ಬರು, ಅದರಲ್ಲಿ ಒಬ್ಬಳು ಇನ್ನೊಬ್ಬನ ಕೈ ನಡುಗುವ ಸುದ್ದಿಯನ್ನು ಪುರಾವೆಯ ನೆಪದಲ್ಲಿ ಹೊರಗೆ ಹಾಕಿದಳು. ಅವನೂ ಹಾಗೇ ಅಂದುಕೊಂಡರೆ. ಅಂದುಕೊಳ್ಳುವುದಿಲ್ಲ, ಆನ್ಸೆಲ್ಮೊ ಅಂದುಕೊಳ್ಳುವುದಿಲ್ಲ, ಯಾಕೆ ಅಂದುಕೊಳ್ಳಬಾರದು, ಎಡಗಡೆ ಮಾತ್ರ ನೋಡುತ್ತೇನೆ ಅಂದರೆ ನಾನಾದರೂ ನಂಬುತ್ತಿದ್ದೆನೇ. ಪಟ್ಟಿಯಲ್ಲಿ ನಮ್ಮ ಭಾಷೆ ಓದಬಲ್ಲವರು ಬೆರಳೆಣಿಕೆ, ಅದರಲ್ಲಿ ವಾಲ್ದೆಸಿರ್ ಒಬ್ಬ, ಅವನು ಈಗ ಪಟ್ಟಿ ಓದುತ್ತಾನೋ ಇಲ್ಲವೋ, ಓದುವುದಿಲ್ಲ, ಅವನಿಗೆ ಎಲ್ಲಿ ಪುರುಸೊತ್ತು — ಫೋನು ತೊಡೆಯಲ್ಲಿ ನಡುಗುತ್ತಿದೆ. ವಾಲ್ದೆಸಿರ್.

ಬಸ್ಸಲ್ಲಿದ್ದೀಯಾ, ಸರಿ, ಎರಡೇ ಮಾತು. ನಿನ್ನ ಪ್ಯಾಚ್ ನೋಡಿದೆ, ಚೆನ್ನಾಗಿದೆ, ರಾದಿಮ್ ಒಪ್ಪಿದಾನಲ್ಲ, ಅದು ಸಣ್ಣ ವಿಷಯ ಅಲ್ಲ. ಮತ್ತೆ ಅದು, ಆ ಇನ್ನೊಂದು, ಅದನ್ನೂ ನೋಡಿದೆ, ನಾನೇನೂ ನೋಡಿಲ್ಲ ಅಂತ ಇಟ್ಕೋ. ವಾಲ್ದೆಸಿರ್, ಅದು ಬೇಕಂತ ಹಾಕಿದ್ದಲ್ಲ. ಬೇಕಂತ ಅಂತ ನಾನೆಲ್ಲಿ ಅಂದೆ? ನಂಗೂ ಅನುಮಾನ ಇತ್ತು ಬಿಡು, ಅಕ್ಷರ ಎಲ್ಲಾ ತಪ್ತಿತ್ತಲ್ಲ, ನೀನೇ ಎತ್ತಿ ತೋರಿಸ್ತಿದ್ದೆ. ಅದು ತಮಾಷೆಗೆ. ಇರ್ಲಿ, ಇರ್ಲಿ. ಪಾಪ, ಒಳ್ಳೆ ಮನುಷ್ಯ. ಅವನಿಗೂ ವಿಶ್ರಾಂತಿ ಬೇಕು. ನಿಜ ಹೇಳ್ಬೇಕಂದ್ರೆ ನಂಗೊಂದು ತಲೆನೋವು ಕಮ್ಮಿ ಆಯ್ತು, ನೀನು ಆರಾಮಾಗಿರು. ನಾನು ಹಲೋ ಹಲೋ ಅನ್ನುವಷ್ಟರಲ್ಲಿ ಇಟ್ಟುಬಿಟ್ಟ. ಆರಾಮಾಗಿರು. ಪಕ್ಕದವನು ನನ್ನನ್ನು ನೋಡಿ ಮುಖ ತಿರುಗಿಸಿದ, ನನ್ನ 'ತಮಾಷೆಗೆ' ಸ್ವಲ್ಪ ಜೋರಾಗಿತ್ತು. ನಾಚಿಕೆಯ ಮಾತೆಂದರೆ, ಆ ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಒಳಗೆಲ್ಲೋ ಒಂದು ಗಂಟು ಸಡಿಲವಾಯಿತು, ಉಳಿಯಿತಲ್ಲ ಕೆಲಸ ಅಂತ, ಆಮೇಲೆ ಕಿಟಕಿ ತೆರೆಯಲು ನೋಡಿದೆ, ಬರುವುದಿಲ್ಲ. ಲ್ಯಾಪ್‌ಟಾಪ್ ತೆರೆದೆ. ಎರಡನೇ ಪ್ಯಾಚು ಕಳಿಸಿಬಿಡಬೇಕು, ಬೇರೆ ಪುರಾವೆ ಹಾಕಿ, ಒಂದೇ ಅಕ್ಷರ ತುಂಬಿದ್ದು, ಮೊದಲನೆಯದನ್ನು ದಯವಿಟ್ಟು ಬಿಟ್ಟುಬಿಡಿ ಅಂತ ಬರೆದು, ಹೊಸದು ಬಂದರೆ ಹಳೆಯದನ್ನು ಯಾರೂ ತೆರೆಯುವುದಿಲ್ಲ, ತೆರೆಯಬಾರದು — ತೆರೆದ ಕೂಡಲೇ ಮೇಲೆ ಆನ್ಸೆಲ್ಮೊನ ಹೆಸರು. ಪಟ್ಟಿಯಲ್ಲಿ, ಎಲ್ಲರಿಗೂ, ಈಗಷ್ಟೇ.

ಪಟ್ಟಿಯಲ್ಲಿ ಉತ್ತರ ಬರೆಯುವ ರೀತಿಯೇ ಬೇರೆ, ಎದುರಿನವರು ಬರೆದದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಕತ್ತರಿಸಿ, ಯಾವ ಸಾಲಿನ ಮೇಲೆ ಹೇಳುವುದಿದೆಯೋ ಆ ಸಾಲಿನ ಕೆಳಗೇ ಬರೆಯಬೇಕು, ನನಗೆ ಅದನ್ನು ಕಲಿಸಿದವನೂ ಅವನೇ. ಕತ್ತರಿಸಿರುತ್ತಾನೆ ಅಂದುಕೊಂಡೆ, ಪುರಾವೆಯನ್ನೆಲ್ಲ ಕತ್ತರಿಸಿ ಹಾಕಿ ಬರೀ ಕೋಡಿನ ಮಾತಾಡಿರುತ್ತಾನೆ, ಓದಿಯೇ ಇಲ್ಲ ಅನ್ನುವ ಹಾಗೆ, ಅವನು ಸಭ್ಯ. ಉಳಿದದ್ದೆಲ್ಲ ಕತ್ತರಿಸಿದ್ದ. ಒಂದು ಸಾಲನ್ನು ಬಿಟ್ಟು. ಕೈ, ಎರಡು ಚುಕ್ಕೆ, ನಡುಗುತ್ತೆ. ಅದರ ಕೆಳಗೆ ಅವನದು, ಈ ಸಾಲು ಇವತ್ತಿಗೂ ನಿಜ. ಡಿಸ್ಕು ನನ್ನದು, ನಾನು ಸರಿಯಾಗಿ ತೊಳೆದು ಕೊಡಲಿಲ್ಲ. ಅಷ್ಟೇ, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ನನ್ನ ಕೋಡು. ಇಲ್ಲಿ ಕ್ರಮ ತಪ್ಪಿದೆ, ನೀನು ಮೊದಲು ಫೈಲಿನ ಉದ್ದ ಕಡಿಮೆ ಮಾಡಿ ಆಮೇಲೆ ಬಾಲಕ್ಕೆ ಸೊನ್ನೆ ಬರೆಯುತ್ತೀ, ನಡುವೆ ಕರೆಂಟು ಹೋದರೆ ಉದ್ದ ಕಡಿಮೆಯಾಗಿರುತ್ತದೆ, ಬಾಲ ಹಾಗೇ ಇರುತ್ತದೆ, ಮತ್ತೆ ಅದೇ ಕಥೆ. ಮೊದಲು ಸೊನ್ನೆ, ಸೊನ್ನೆ ಡಿಸ್ಕು ಮುಟ್ಟುವ ತನಕ ಕಾಯಬೇಕು, ಆಮೇಲೆ ಕತ್ತರಿ. ಓದುತ್ತಿದ್ದ ಹಾಗೇ ಮುಖಕ್ಕೆ ರಕ್ತ ನುಗ್ಗಿತು, ಹೌದು, ಹೌದಲ್ಲ, ರಾದಿಮ್‌ಗೂ ಕಾಣಲಿಲ್ಲ, ಹಿಸಾಕೊಗೂ ಕಾಣಲಿಲ್ಲ, ಚೆನ್ನಾಗಿದೆ ಅಂದ ವಾಲ್ದೆಸಿರ್‌ಗಂತೂ ಬಿಡು, ಇವನಿಗೆ ಕಂಡಿತು, ತನ್ನ ಮಾನ ಹರಾಜಾಗಿ ಬಿದ್ದಿರುವ ಪುಟದಲ್ಲೇ ನನ್ನ ತಪ್ಪನ್ನು ಹುಡುಕಿ ತೆಗೆದಿದ್ದಾನೆ. ಸುಲಭ, ಹತ್ತು ಸಾಲು, ಎರಡು ಆದೇಶಗಳನ್ನು ಮೇಲೆ ಕೆಳಗೆ ಮಾಡಿ ನಡುವೆ ಒಂದು ಕಾಯುವಿಕೆ, ಬೆರಳುಗಳು ಆಗಲೇ ಬರೆಯುತ್ತಿವೆ, ಬಸ್ಸಿನ ಕುಲುಕಾಟದಲ್ಲೂ ಒಂದು ಅಕ್ಷರ ತಪ್ಪದೆ, ತಪ್ಪಿಗೆ ಪ್ರಾಯಶ್ಚಿತ್ತ ಅನ್ನುವ ಹಾಗೆ ಬರೆದೆ, ಈಗಲೇ ಕಳಿಸಿದರೆ ಅವನು ಆಫೀಸು ಮುಟ್ಟುವ ಮೊದಲೇ ಮುಗಿದಿರುತ್ತದೆ, ಅವನಿಗೆ ಒಂದು ಕೀಲಿ ಒತ್ತುವ ಕಷ್ಟವೂ ಬೇಡ, ಬರೆದು ಮುಗಿಸಿ ಅವನ ಮೇಲನ್ನು ಇನ್ನೂ ಕೆಳಗೆ ಸರಿಸಿದೆ, ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಈ ಭಾಗವನ್ನು ನಾನು ಬರೆದು ಕಳಿಸುತ್ತೇನೆ, ನೀನು ಬರೆಯಬೇಡ. ಕೆಳಗೆ ಹೆಸರು, ಒಂದು ಎಲ್ ಇರಬೇಕಾದ ಕಡೆ ಮೂರು.

ಕುರ್ಚಿ ಬಿಸಿ ಮಾಡ್ಕೊಂಡು ಕೂ — ಅಲ್ಲಿಗೆ ನಿಂತಿತ್ತಲ್ಲ ಆ ಮಾತು, ಅದರ ಉಳಿದ ಭಾಗ ನನ್ನ ತೊಡೆಯ ಮೇಲೆ ಹತ್ತು ಸಾಲಾಗಿ ಕೂತಿದೆ. ಅವನು ನೇವಾಗೆ ಹೇಳಿದ್ದನ್ನು ಓದಿ ಇನ್ನೂ ಎರಡು ಗಂಟೆ ಆಗಿಲ್ಲ, ಅವನು ಹೆದರಿದ್ದನ್ನೇ ಮಾಡಿ ಮುಗಿಸಿದ್ದೇನೆ, ಪ್ರೀತಿಯಿಂದಲೇ, ಅದೇ ಇನ್ನೂ ಕೆಟ್ಟದ್ದು. ಅವನು ನನ್ನನ್ನು ಎಷ್ಟು ಚೆನ್ನಾಗಿ ಓದಿದ್ದಾನೆ, ನಾನು ಅವನನ್ನು ಓದಲೇ ಇಲ್ಲ. ಹತ್ತು ಸಾಲನ್ನೂ ಗುರುತು ಹಾಕಿ ಅಳಿಸಿದೆ, ಅಳಿಸಿದ್ದು ಎಲ್ಲಿಗೂ ಹೋಗಿಲ್ಲ, ನನಗೆ ಬಾಯಿಪಾಠ, ಆದರೂ ಅಳಿಸಿದೆ. ಇಳಿಯುವವರು ಎರಡನೇ ಮತ್ತು ನಾಲ್ಕನೇ ಬಾಗಿಲಿನಿಂದ ಅನ್ನುತ್ತಾಳೆ ಹೆಂಗಸು, ತಡಿಯಮ್ಮ, ಒಂದು ನಿಮಿಷ. ಪಟ್ಟಿಗೆ ಬರೆದೆ, ವಾಲ್ದೆಸಿರ್ ಓದುತ್ತಾನೆ ಅಂತ ಗೊತ್ತಿದ್ದೇ ಬರೆದೆ, ಆನ್ಸೆಲ್ಮೊ ಹೇಳುವುದು ಸರಿ, ನನ್ನ ಪ್ಯಾಚು ತಪ್ಪು, ಇದನ್ನು ಯಾರೂ ಸೇರಿಸಿಕೊಳ್ಳಬೇಡಿ. ಯಾರದೋ ಸ್ವಂತ ಮಾತನ್ನು ನೋಡದೆ ಹಾಕಿದ್ದು ನನ್ನ ತಪ್ಪು, ಅದು ಡಿಸ್ಕಿನ ತಪ್ಪಲ್ಲ, ಅವನ ತಪ್ಪಂತೂ ಅಲ್ಲ. ಅವನ ಭಾಗಕ್ಕೆ ಕಾಯುತ್ತೇನೆ. ಕಳಿಸಿದೆ. ಇದರಿಂದ ಕುರ್ಚಿ ಯಾರಿಗೆ ಉಳಿಯುತ್ತದೋ ಗೊತ್ತಿಲ್ಲ, ವಾಲ್ದೆಸಿರ್‌ಗೆ ಮತ್ತೆ ತಲೆನೋವು ಶುರುವಾದರೆ ಅಷ್ಟೇ ಸಾಕು. ಬಾಗಿಲು ಮುಚ್ಚುವುದರೊಳಗೆ ಹಾರಿ ಇಳಿದೆ, ಗಾಜಿನ ಕೊಳವೆಯಂಥ ನಿಲ್ದಾಣ, ಆಚೆ ಚೌಕ, ಮೂಲೆಯಲ್ಲಿ ಪಿನ್ಯಾವ್ ಮಾರುವವನ ಹಂಡೆಯ ಹಬೆ, ಒಂದು ಪೊಟ್ಟಣ ಕೊಳ್ಳಲೇ ಅಂತ ನಿಂತೆ, ಕೊಂಡರೆ ಸುಲಿದು ಕೊಡಬೇಕಾಗುತ್ತದೆ, ಸುಲಿಯದೆ ಕೊಟ್ಟರೆ ಅವನು ಸುಲಿಯಬೇಕಾಗುತ್ತದೆ, ಏನು ಮಾಡಿದರೆ ಸರಿ ಅಂತ ತಿಳಿಯದೆ ಮಾರುವವನ ಮುಖವನ್ನೇ ನೋಡುತ್ತಿದ್ದೆ, ಏನಕ್ಕಾ ಬೇಕಾ ಬೇಡ್ವಾ ಅಂದ, ಬೇಡ ಅಂದೆ. ಮೆಟ್ಟಿಲು ಹತ್ತುತ್ತ ಏನು ಹೇಳಬೇಕು ಅಂತ ಜೋಡಿಸಿಕೊಂಡೆ, ಆನ್ಸೆಲ್ಮೊ, ನಾನು ನೋಡಲಿಲ್ಲ ಕಣೋ, ನಿಜವಾಗ್ಲೂ ನೋಡಲಿಲ್ಲ, ಕೀಬೋರ್ಡಿನ ಜೋಕೂ ಕ್ಷಮಿಸು, ವಾಲ್ದೆಸಿರ್‌ಗೆ ನಾನೇ ಹೇಳ್ತೀನಿ, ಮಾತುಗಳು ಒಂದರ ಮೇಲೊಂದು ಬೀಳುತ್ತಿವೆ, ಯಾವುದು ಮೊದಲು, ಯಾವುದು ಆಮೇಲೆ.

ಬಾಗಿಲಿನ ಗಾಜಿನ ಮೇಲೆ ಹಬೆ, ಒಳಗೆ ಹೀಟರು ಹಾಕಿದ್ದಾರೆ, ತೋಳಿನಿಂದ ಒರೆಸಿದೆ. ಇನ್ನೂ ಯಾರೂ ಬಂದಿಲ್ಲ, ಅವನೊಬ್ಬನೇ, ಕೋಟು ಕೂಡ ತೆಗೆದಿಲ್ಲ, ಬೆನ್ನು ಈ ಕಡೆಗೆ, ಪರದೆಯ ಮೇಲೆ ನನ್ನ ಕೋಡು, ಇಲ್ಲಿಂದಲೇ ಗುರುತು ಸಿಗುತ್ತದೆ, ನಾನು ಕ್ರಮ ತಪ್ಪಿಸಿದ ಜಾಗ. ಹಿಡಿಯ ಮೇಲೆ ಕೈಯಿಟ್ಟೆ. ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಾನೆ. ಹಿಡಿದ ಕೈಯನ್ನು ಕೀಲಿಯ ಮೇಲೆ ತರುತ್ತಾನೆ, ನಿಲ್ಲಿಸುತ್ತಾನೆ, ಕಾಯುತ್ತಾನೆ, ಒತ್ತುತ್ತಾನೆ, ಒಂದು ಅಕ್ಷರ. ಎರಡು ಬಿದ್ದಿರಬೇಕು, ಹಿಂದೆ ಹೋಗಿ ಒಂದನ್ನು ಅಳಿಸುತ್ತಾನೆ. ಮತ್ತೆ ಹಿಡಿಯುತ್ತಾನೆ. ಬಾಗಿಲು ತೆರೆದರೆ ಕಿರ್ರನ್ನುತ್ತದೆ, ನನ್ನ ಹೆಜ್ಜೆ ಕೇಳಿದ್ದೇ ಅವನು ಕೈ ಬಿಟ್ಟುಬಿಡುತ್ತಾನೆ, ವಾಚು ಮರೆತೆ ಅನ್ನುತ್ತಾನೆ, ಹತ್ತು ಸಾಲು ನನ್ನ ತಲೆಯಲ್ಲಿ ಇವೆ, ಬಾಯಿಪಾಠ, ಅವನು ಇನ್ನೂ ಮೊದಲನೇ ಸಾಲಿನಲ್ಲಿದ್ದಾನೆ, ನಾನು ಹಿಡಿಯ ಮೇಲಿನ ಕೈ ತೆಗೆಯುವುದಿಲ್ಲ, ಒತ್ತುವುದೂ ಇಲ್ಲ, ಗಾಜಿನ ಮೇಲೆ ಮತ್ತೆ ನನ್ನ ಉಸಿರು, ಒರೆಸುತ್ತೇನೆ, ಎಡಗೈ, ಬಲಗೈಯ ಮಣಿಕಟ್ಟು, ಒಂದು ಅಕ್ಷರ — ಎಡಗೈ, ಬಲಗೈಯ ಮಣಿಕಟ್ಟು —